ಗಾಂಧಿಯವರೂ ಉಪ್ಪಿನ ಮಿತಿಯೂ

ಬೆಂಗಳೂರು ದಂಡಿನಿಂದ ಉತ್ತರ ದಿಕ್ಕಿಗೆ ಸುಮಾರು ೬೦ ಕಿಲೋಮೀಟರ್ ದೂರದಲ್ಲಿರುವ ನಂದಿಬೆಟ್ಟವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಲಸೂರು, ಶಿವಾಜಿನಗರ, ಕೃಷ್ಣರಾಜಪುರದ ಕಡೆಯವರು ತಂಪುಗಾಳಿಯ ನಿಮಿತ್ತ ಅಲ್ಲಿಗೆ ಹೋಗುವದುಂಟು. ೧೯೨೭ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಬ್ಬ ರೋಗಿಯನ್ನು ವಿಶ್ರಾಂತಿಗಾಗಿ ಆ ಬೆಟ್ಟಕ್ಕೆ ಕರತಂದರು. ಅವರಿಗೆ ಜ್ವರವಿರಲಿಲ್ಲ, ಗಾಯವಿರಲಿಲ್ಲ. ಅವರ ರಕ್ತದ ಒತ್ತಡವು ಮಿತಿಮೀರಿತ್ತು. ಆ ರೋಗಿಯು ಮೋಹನದಾಸ ಕರಮಚಂದ ಗಾಂಧಿಯವರೇ. ಉಪ್ಪಿನ ವಿಷಯದಲ್ಲಿಯೂ ರಕ್ತದೊತ್ತಡದ ವಿಷಯದಲ್ಲಿಯೂ ಅವರ ಜೀವಿತವು ನಮಗೆ ಕಲಿಸುವ ಪಾಠವುಂಟು. ಆದಕಾರಣ ಆ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಗಾಂಧಿಯವರು ೧೮೬೯ನೆಯ ಅಕ್ಟೋಬರ್ ೨ರಂದು ಗುಜರಾತಿನ ಕಡಲತೀರದ ಪೋರಬಂದರಿನಲ್ಲಿ ಹುಟ್ಟಿದರು. ಲಂಡನಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು, ೧೮೯೩ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿರುವಾಗ ಅವರ ಪತ್ನಿ ಕಸ್ತೂರಬಾಯಿಯವರು ರಕ್ತಸ್ರಾವದಿಂದ ಬಹಳ ಬಲಹೀನರಾದರು. ಉಪ್ಪನ್ನೂ ಬೇಳೆಕಾಳುಗಳನ್ನೂ ಬಿಟ್ಟರೆ ಗುಣವಾಗಬಹುದೆಂದು ಗಾಂಧಿಯವರು ಪತ್ನಿಗೆ ಬುದ್ಧಿ ಹೇಳಿದರು. ಆಕೆಯಾದರೋ, ನಿಮ್ಮಿಂದಲೂ ಅದು ಆಗದ ಕೆಲಸವೆಂಬಂತೆ ಉತ್ತರ ಕೊಟ್ಟರು. ಕೂಡಲೇ ಅವರು ಒಂದು ವರುಷದ ವರೆಗೆ ಎರಡನ್ನೂ ತಾವೇ ಬಿಡುವದಾಗಿ ನಿಶ್ಚಯಿಸಿದರು. ಆಕೆ ಕಣ್ಣೀರಿಟ್ಟು ಬೇಡಿಕೊಂಡರೂ ಮಾತನ್ನು ಹಿಂತೆಗೆಯಲಿಲ್ಲ. ಆಕೆಯೂ ಅವನ್ನು ಬಿಟ್ಟು, ಕ್ರಮೇಣ ಸ್ವಸ್ಥರಾದರು. ಆದರೂ ಅದು ಉಪ್ಪು ಬಿಟ್ಟದ್ದರಿಂದಲೇ ಆಯಿತೆಂದು ಗಾಂಧಿಯವರು ಸಾಧಿಸಲಿಲ್ಲ. ಮಾಡಬೇಕೆಂದು ಇತರರಿಗೆ ಹೇಳುವದನ್ನು ತಾವು ಮೊದಲು ಮಾಡಿ ನೋಡುವದು ಅವರ ಕ್ರಮವಾಗಿತ್ತು.

೧೯೧೫ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ೧೯೨೭ರ ಆರಂಭದಲ್ಲಿ ಖಾದಿಯ ಕೆಲಸಕ್ಕಾಗಿ ಊರಿಂದೂರಿಗೆ ಎಡೆಬಿಡದೆ ಸಂಚರಿಸುತ್ತಿರಲಾಗಿ, ಮಾರ್ಚ್ ತಿಂಗಳಲ್ಲಿ ಕೊಲ್ಲಾಪುರದಲ್ಲಿ ಅವರ ದೇಹವು ಸೋತುಹೋಯಿತು. ವೈದ್ಯರು ಪರೀಕ್ಷಿಸಿ ರಕ್ತದೊತ್ತಡವು ಏರಿದೆಯೆಂದು ಕಂಡುಕೊಂಡರು. ಆ ಕಾಲದಲ್ಲಿ ಈ ವ್ಯಾಧಿಗೆ ತಕ್ಕ ಗುಳಿಗೆಗಳಿರಲಿಲ್ಲ. ವಿಶ್ರಾಂತಿಯೇ ಮುಖ್ಯ ಔಷಧವಾಗಿತ್ತು. ಹೀಗೆ ಅವರು ನಂದಿಬೆಟ್ಟಕ್ಕೆ ಬಂದು, ಜೂನ್ ಮೊದಲಲ್ಲಿ ಬೆಂಗಳೂರಿಗೆ ಇಳಿದು, ಆಗಸ್ಟ್ ಕೊನೆಯ ವರೆಗೆ ಕುಮಾರಪಾರ್ಕಿನಲ್ಲಿ ತಂಗಿದ್ದರು. ಬಲ ಬಂದಂತೆಲ್ಲಾ ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಕೈಹಚ್ಚಿದರು. ಇಲ್ಲಿಯ ಸರಕಾರಿ ಹೈನುಶಾಲೆಗೆ ಹೋಗಿ ಗೋಪಾಲನೆಯ ಕ್ರಮವನ್ನು ಸಹ ಕಲಿತರು.

ಮೂರು ವರುಷಗಳಾದ ಮೇಲೆ, ೧೯೩೦ನೆಯ ಮಾರ್ಚ್ ೧೨ರಂದು, ಅವರು ಸಾಬರಮತಿಯಿಂದ ದಂಡಿ ಎಂಬ ಕಡಲೂರಿಗೆ ಕಾಲ್ನಡೆಯಾಗಿ ಹೊರಟರು. ಸುಮಾರು ೨೪೦ ಮೈಲಿಗಳನ್ನು ನಡೆದು, ಏಪ್ರಿಲ್ ೬ರಂದು ಕಡಲತೀರದ ಉಪ್ಪನ್ನು ಕೈಯಲ್ಲಿ ಎತ್ತಿದರು. ಅದೇ ತಿಂಗಳಲ್ಲಿ ನಮ್ಮ ಅಂಕೋಲೆಯಲ್ಲಿಯೂ ಜನರು ಉಪ್ಪಿನ ಕಾಯಿದೆಯನ್ನು ಮುರಿದರು. ತಾವೇ ಉಪ್ಪನ್ನು ಬಿಟ್ಟು ಬಾಳಿದ್ದವರು ಉಪ್ಪಿಗಾಗಿ ಯಾಕೆ ನಡೆದರು? ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವ ಬಡವನಿಗೆ ಸ್ವಲ್ಪ ಉಪ್ಪು ಅವಶ್ಯವು. ಅದರ ಮೇಲೆ ತೆರಿಗೆ ಹಾಕುವದು ಅನ್ಯಾಯವೆಂಬದೇ ಅವರ ವಾದವಾಗಿತ್ತು. ಉಪ್ಪು ಎಲ್ಲರಿಗೂ ಸಿಗಬೇಕೆಂಬದು ಒಂದು ಮಾತು; ಅದನ್ನು ಮಿತಿಯಿಲ್ಲದೆ ತಿನ್ನಬೇಕೆಂಬದು ಬೇರೊಂದು ಮಾತು. ಇವೆರಡನ್ನು ನಾವು ಬೆರಸಬಾರದು.

ಅವರ ವ್ಯಾಧಿಯು ಸಂಪೂರ್ಣವಾಗಿ ವಾಸಿಯಾಗಲಿಲ್ಲ. ೧೯೩೬ರ ಮೇ ತಿಂಗಳಲ್ಲಿ ಪುನಃ ನಂದಿಬೆಟ್ಟಕ್ಕೆ ಬರಬೇಕಾಯಿತು. ರಕ್ತದೊತ್ತಡವು ೧೪೦/೯೦ಕ್ಕಿಂತ ಕೆಳಗಿರಬೇಕು. ಅವರಿಗಾದರೋ ಅದು ೧೯೩೭ರ ಅಕ್ಟೋಬರಿನಲ್ಲಿ ೧೯೪/೧೩೦ರಷ್ಟೂ, ೧೯೪೦ರ ಫೆಬ್ರವರಿಯಲ್ಲಿ ೨೨೦/೧೧೦ರಷ್ಟೂ ಇತ್ತು. ೧೯೩೯ರಲ್ಲಿ ಅವರ ತೂಕವು ೪೬.೭ ಕಿಲೋಗ್ರಾಂ ಮಾತ್ರ. ಮದ್ಯವಿಲ್ಲ, ಹೊಗೆಸೊಪ್ಪಿಲ್ಲ, ಭೋಜನದಲ್ಲಿ ಅತಿಯಿಲ್ಲ. ಹೀಗಿದ್ದರೂ ಆ ವ್ಯಾಧಿಯು ಅವರನ್ನು ಬಿಡಲಿಲ್ಲ. ಆದದರಿಂದ ಇದು ಐಶ್ವರ್ಯವಂತರಿಗೂ ಸ್ಥೂಲದೇಹಿಗಳಿಗೂ ಮಾತ್ರ ಬರುವದೆಂದು ಹಳ್ಳಿಯವರು ನಿಶ್ಚಿಂತರಾಗಿರಬಾರದು. ವಯಸ್ಸು, ವಂಶ, ದಣಿವು, ಚಿಂತೆ ಇವೂ ಕಾರಣಗಳಾಗುವವು. ಇವುಗಳಲ್ಲಿ ಕೆಲವು ನಮ್ಮ ಕೈಯಲ್ಲಿಲ್ಲ. ಆದರೆ ಅಡಿಗೆಯ ಉಪ್ಪು ನಮ್ಮ ಕೈಯಲ್ಲಿಯೇ ಇರುವದು.

ಉಪ್ಪು ಹೇಗೆ ಕೆಡುಕು ಮಾಡುವದೆಂದರೆ, ಅದರಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುವದು. ಕಾಲುವೆಯಲ್ಲಿ ನೀರು ಹೆಚ್ಚಿದರೆ ದಂಡೆಗೆ ಒತ್ತಡ ಬೀಳುವ ಹಾಗೆ ರಕ್ತನಾಳಗಳಿಗೂ ಆಗುವದು. ಬಹುಕಾಲ ಹೀಗಾದರೆ ಹೃದಯವೂ ಮೂತ್ರಪಿಂಡಗಳೂ ಕೆಡುವವು. ಮಿದುಳಿನ ನಾಳವು ಒಡೆದು ಅಥವಾ ಕಟ್ಟಿಕೊಂಡು ಲಕ್ವ ಹೊಡೆಯುವದು. ಪೊಟಾಸಿಯಂ ಎಂಬ ಇನ್ನೊಂದು ಲವಣವು ಸೋಡಿಯಮನ್ನು ಮೂತ್ರದ ಮೂಲಕ ಹೊರಡಿಸಿ, ನಾಳಗಳನ್ನು ಸಡಿಲಗೊಳಿಸುವದು. ಇದು ಸೊಪ್ಪು, ಕಾಳು, ರಾಗಿ, ಬಾಳೆಹಣ್ಣು, ಎಳನೀರುಗಳಲ್ಲಿ ಉಂಟು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಚೆಲ್ಲಿಹೋಗುವದು. ಆ ನೀರನ್ನೇ ಸಾರು ಮಾಡುವ ನಮ್ಮ ಬಸ್ಸಾರಿನ ಪದ್ಧತಿಯು ಎಷ್ಟು ಒಳ್ಳೇದು!

ಚೀನದೇಶದ ೬೦೦ ಹಳ್ಳಿಗಳಲ್ಲಿ ಲಕ್ವ ಹೊಡೆದವರಿಗೂ ರಕ್ತದೊತ್ತಡವುಳ್ಳ ವೃದ್ಧರಿಗೂ ಸಂಬಂಧಪಟ್ಟ ಒಂದು ಪರೀಕ್ಷೆಯು ನಡೆಯಿತು. ಅರ್ಧ ಹಳ್ಳಿಗಳವರಿಗೆ ಕಾಲುಪಾಲು ಪೊಟಾಸಿಯಂ ಲವಣ ಬೆರಸಿದ ಉಪ್ಪನ್ನು ಕೊಟ್ಟರು. ಅವರಲ್ಲಿ ಲಕ್ವವು ಉಳಿದವರಿಗಿಂತ ನೂರಕ್ಕೆ ೧೪ರಷ್ಟು ಕಡಿಮೆಯಾಯಿತೆಂದು ೧೯೨೧ರ ತರುವಾಯ ನೂರು ವರುಷಗಳಿಗೆ, ಅಂದರೆ ೨೦೨೧ರಲ್ಲಿ, ಪ್ರಕಟವಾಯಿತು. ಆದರೆ ಮೂತ್ರಪಿಂಡದ ವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಅಂಥ ಉಪ್ಪನ್ನು ಮುಟ್ಟಬಾರದು. ಅವರಿಗೆ ಅದು ಪ್ರಾಣಾಪಾಯಕರವಾಗಬಹುದು.

ಪ್ರಾಯಸ್ಥನಿಗೆ ದಿನವೊಂದಕ್ಕೆ ೫ ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವರು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಅಂಗಡಿಯ ಖಾರದ ತಿಂಡಿಗಳಲ್ಲಿರುವದೂ ಈ ಲೆಕ್ಕದಲ್ಲಿ ಸೇರುವದು. ಎಲೆಯ ತುದಿಯಲ್ಲಿ ಬೇರೆ ಉಪ್ಪು ಬಡಿಸುವ ವಾಡಿಕೆಯನ್ನು ಬಿಡೋಣ. ಪ್ರಾಯಸ್ಥರೆಲ್ಲರೂ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಾಗಲಿ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಾಗಲಿ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಲಿ. ವೈದ್ಯರು ಗುಳಿಗೆ ಕೊಟ್ಟಿದ್ದರೆ, ದೇಹವು ಹಗುರಾಯಿತೆಂದು ತಾವಾಗಿ ನಿಲ್ಲಿಸಬಾರದು.

ಗಾಂಧಿಯವರು ೧೯೪೮ನೆಯ ಜನವರಿ ೩೦ರಂದು ಹಂತಕನ ಗುಂಡಿನಿಂದ ತೀರಿಹೋದರು. ಅವರ ಕಾಲದಲ್ಲಿ ಇಲ್ಲದಿದ್ದ ಔಷಧಗಳು ಈಗ ನಮಗುಂಟು. ಅವರು ನಂದಿಬೆಟ್ಟದಲ್ಲಿ ಹುಡುಕಿದ ಉಪಶಮನದಲ್ಲಿ ಒಂದು ಪಾಲನ್ನು ನಾವು ನಮ್ಮ ಅಡಿಗೆಮನೆಯಲ್ಲಿಯೇ ಹೊಂದಬಹುದು.