ಕೆಳಗಿಳಿದ ತಂಡಗಳ ಮೇಷ್ಟ್ರು

ಕಳೆದ ವರ್ಷ ರಿಸಲ್ಟ್ ಬಂದ ರಾತ್ರಿ ನಮ್ಮ ಹಾಸ್ಟೆಲ್‌ನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಗೆಳೆಯನೊಬ್ಬ ನನ್ನ ಹೆಸರಿನ ಮುಂದೆ ‘ರೆಲಿಗೇಟೆಡ್’ ಎಂದು ಬರೆದು ನಗುವ ಇಮೋಜಿ ಹಾಕಿದ. ಐದು ವಿಷಯ ಫೇಲ್ ಆಗಿ ನನಗೆ ಇಯರ್ ಬ್ಯಾಕ್ ಆಗಿತ್ತು. ಜೊತೆಯವರೆಲ್ಲ ಐದನೇ ಸೆಮಿಸ್ಟರ್‌ಗೆ ಹೋದರು. ನಾನು ಹಿಂದೆ ಉಳಿದೆ. ಅಪ್ಪ ಎರಡು ದಿನ ಫೋನಿನಲ್ಲಿ ಮಾತಾಡಲಿಲ್ಲ.

ಫುಟ್‌ಬಾಲ್ ನೋಡುವವರಿಗೆ ಆ ಪದ ಗೊತ್ತು. ಇಂಗ್ಲೆಂಡಿನಲ್ಲಿ ಲೀಗ್ ಪಟ್ಟಿಯ ತಳದಲ್ಲಿ ಉಳಿದ ತಂಡಗಳನ್ನು ಮುಂದಿನ ವರ್ಷ ಕೆಳಗಿನ ಡಿವಿಷನ್‌ಗೆ ಇಳಿಸುತ್ತಾರೆ. ಅದೇ ರೆಲಿಗೇಷನ್. ಇಳಿದ ಕ್ಲಬ್‌ನ ಆದಾಯ ಕುಸಿಯುತ್ತದೆ, ಒಳ್ಳೆಯ ಆಟಗಾರರು ಬೇರೆ ಕಡೆ ಹೋಗುತ್ತಾರೆ, ಕೋಚ್‌ಗೆ ಬಾಗಿಲು ತೋರಿಸುತ್ತಾರೆ. ಕೆಲವು ತಂಡ ಒಂದೇ ವರ್ಷದಲ್ಲಿ ಮೇಲೇರುತ್ತವೆ. ಲೀಡ್ಸ್ ಯುನೈಟೆಡ್ 2004ರಲ್ಲಿ ಇಳಿದು ಮತ್ತೆ ಮೇಲೆ ಬರಲು 2020ರವರೆಗೆ ಕಾಯಬೇಕಾಯಿತು. ಕೆಲವು ತಂಡ ವಾಪಸ್ ಬರುವುದೇ ಇಲ್ಲ. ಬಿದ್ದ ಮೇಲೆ ಎದ್ದವರು ಹೇಗೆ ಎದ್ದರು? ಆ ರಾತ್ರಿ ನಿದ್ದೆ ಬಾರದೆ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಬಿಲ್ ಶಾಂಕ್ಲಿ.

ಶಾಂಕ್ಲಿ ಹುಟ್ಟಿದ್ದು 1913ರ ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಹತ್ತು ಮಕ್ಕಳ ಮನೆ. ಐವರು ಗಂಡುಮಕ್ಕಳೂ ಮುಂದೆ ವೃತ್ತಿಪರ ಫುಟ್‌ಬಾಲ್ ಆಟಗಾರರಾದರು. ಶಾಂಕ್ಲಿ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದರು. ಎರಡು ವರ್ಷದಲ್ಲಿ ಗಣಿ ಮುಚ್ಚಿತು, ಕೆಲಸ ಹೋಯಿತು. 1932ರಲ್ಲಿ ಕಾರ್ಲೈಲ್ ಯುನೈಟೆಡ್ ಕ್ಲಬ್ ಕರೆಯಿತು. ಮರುವರ್ಷ ಪ್ರೆಸ್ಟನ್ ನಾರ್ತ್ ಎಂಡ್ ಸೇರಿದರು. 1938ರಲ್ಲಿ ಆ ತಂಡ ಎಫ್‌ಎ ಕಪ್ ಗೆದ್ದಾಗ ಅವರೂ ಮೈದಾನದಲ್ಲಿದ್ದರು. ಅಷ್ಟರಲ್ಲೇ ಎರಡನೇ ಮಹಾಯುದ್ಧ ಬಂತು. ಆಟಗಾರನ ಅತ್ಯುತ್ತಮ ವರ್ಷಗಳು ವಾಯುಪಡೆಯ ಸೇವೆಯಲ್ಲಿ ಕಳೆದುಹೋದವು.

1949ರಲ್ಲಿ ಅವರು ಮ್ಯಾನೇಜರ್ ಆದರು. ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಬಿದ್ದ ತಂಡಗಳೇ. 1951ರಲ್ಲಿ ಅವರು ಸೇರಿದ ಗ್ರಿಮ್ಸ್‌ಬಿ ಟೌನ್, ಮೂರೇ ವರ್ಷಗಳಲ್ಲಿ ಎರಡು ಮೆಟ್ಟಿಲು ಇಳಿದಿತ್ತು. ಮೊದಲ ವರ್ಷವೇ ತಂಡವನ್ನು ಎರಡನೇ ಸ್ಥಾನಕ್ಕೆ ತಂದರು. ಆದರೆ ಆ ಡಿವಿಷನ್‌ನಿಂದ ಮೊದಲ ಸ್ಥಾನದವರಿಗೆ ಮಾತ್ರ ಬಡ್ತಿ. 1948ರಲ್ಲಿ ಅಗ್ರ ಡಿವಿಷನ್‌ನಿಂದ ಇಳಿದ ಗ್ರಿಮ್ಸ್‌ಬಿ ಇಂದಿಗೂ ಅಲ್ಲಿಗೆ ಮರಳಿಲ್ಲ.

ಆಮೇಲೆ ಹಡರ್ಸ್‌ಫೀಲ್ಡ್ ಟೌನ್. 1924ರಿಂದ 1926ರವರೆಗೆ ಸತತ ಮೂರು ಬಾರಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಕ್ಲಬ್ ಅದು. 1956ರಲ್ಲಿ ಎರಡನೇ ಡಿವಿಷನ್‌ಗೆ ಬಿತ್ತು. ಅದೇ ವರ್ಷ ಮ್ಯಾನೇಜರ್ ಆದ ಶಾಂಕ್ಲಿ, ಡೆನಿಸ್ ಲಾ ಎಂಬ 16 ವರ್ಷದ ಹುಡುಗನನ್ನು ಕಣಕ್ಕಿಳಿಸಿದರು. ಮುಂದೆ ಯುರೋಪಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದ ಹುಡುಗ ಅವನು. ಆದರೆ ಶಾಂಕ್ಲಿ ಕೇಳಿದ ಬೇರೆ ಆಟಗಾರರನ್ನು ಕೊಳ್ಳಲು ಕ್ಲಬ್ ಹಣ ಬಿಚ್ಚಲಿಲ್ಲ. ಅವರು ಹೋದ ಕೆಲವೇ ತಿಂಗಳಿಗೆ ಡೆನಿಸ್ ಲಾ ಅವರನ್ನೂ ಮಾರಿದರು. ಹಡರ್ಸ್‌ಫೀಲ್ಡ್ 1970ರಲ್ಲಿ ಮೇಲೇರಿ, 1972ರಲ್ಲಿ ಮತ್ತೆ ಬಿದ್ದು, 1975ರ ಹೊತ್ತಿಗೆ ನಾಲ್ಕನೇ ಡಿವಿಷನ್ ತಲುಪಿತು.

1959ರ ಡಿಸೆಂಬರ್‌ನಲ್ಲಿ ಶಾಂಕ್ಲಿ ಲಿವರ್‌ಪೂಲ್‌ಗೆ ಬಂದರು. ಇಂದು ನಮ್ಮ ಹಾಸ್ಟೆಲ್‌ನಲ್ಲಿ ಅರ್ಧದಷ್ಟು ಹುಡುಗರು ಹಾಕಿಕೊಳ್ಳುವ ಕೆಂಪು ಜೆರ್ಸಿಯ ಲಿವರ್‌ಪೂಲ್ ಆಗ ಹಾಗಿರಲಿಲ್ಲ. 1947ರಲ್ಲಿ ಚಾಂಪಿಯನ್ ಆಗಿದ್ದ ತಂಡ 1954ರಲ್ಲಿ ಕೊನೆಯ ಸ್ಥಾನಕ್ಕೆ ಕುಸಿದು ಎರಡನೇ ಡಿವಿಷನ್‌ಗೆ ಇಳಿದಿತ್ತು. ಹಲವು ಬಾರಿ ಬಡ್ತಿಯ ಹತ್ತಿರ ಬಂದು ತಪ್ಪಿಸಿಕೊಂಡಿತ್ತು. 1959ರ ಜನವರಿಯಲ್ಲಿ ವೂಸ್ಟರ್ ಸಿಟಿ ಎಂಬ ಪುಟ್ಟ ತಂಡದ ಎದುರೂ ಸೋತಿತ್ತು. ಶಾಂಕ್ಲಿ ಬಂದ ಮೇಲೆ ಮೊದಲ ಪಂದ್ಯದಲ್ಲಿ ಸ್ವಂತ ಮೈದಾನದಲ್ಲೇ ಕಾರ್ಡಿಫ್ ಸಿಟಿ ವಿರುದ್ಧ 0–4 ಸೋಲು!

ಅವರು ಮೊದಲು ಏನು ಮಾಡಿದರು ಎಂಬುದು ನನಗೆ ಬಹಳ ಹಿಡಿಸಿತು. ಆನ್‌ಫೀಲ್ಡ್ ಮೈದಾನಕ್ಕೆ ನೀರು ಹಾಯಿಸುವ ವ್ಯವಸ್ಥೆಯೇ ಇರಲಿಲ್ಲ. ಹಟ ಹಿಡಿದು 3,000 ಪೌಂಡ್ ಖರ್ಚು ಮಾಡಿಸಿ ಅದನ್ನು ಮಾಡಿಸಿದರು. ಪಾಳುಬಿದ್ದಂತಿದ್ದ ಮೆಲ್‌ವುಡ್ ಅಭ್ಯಾಸ ಮೈದಾನವನ್ನು ಸರಿ ಮಾಡಿಸಿದರು. ಹೊಸ ಮ್ಯಾನೇಜರ್ ಬಂದರೆ ಹಳೆಯ ಸಿಬ್ಬಂದಿಗೆ ನಡುಕ. ಇವರು ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಮೂವರನ್ನೂ ಉಳಿಸಿಕೊಂಡರು. ಆದರೆ ತಂಡಕ್ಕೆ ಸಾಲದು ಎನಿಸಿದ 24 ಆಟಗಾರರನ್ನು ಬಿಟ್ಟುಕೊಟ್ಟರು. ಸುಮ್ಮನೆ ಓಡಿಸುವುದನ್ನು ಕಡಿಮೆ ಮಾಡಿ, ಚೆಂಡಿನ ಜೊತೆಗೇ ಅಭ್ಯಾಸ ಮಾಡಿಸಿದರು. ಐವರ ವಿರುದ್ಧ ಐವರ ಆಟ, ಪಾಸ್ ಕೊಡು, ಜಾಗ ಬದಲಿಸು. ದಿನವೂ ಅದೇ.

ಅಷ್ಟು ಮಾಡಿದರೂ 1960ರಲ್ಲಿ ಮೂರನೇ ಸ್ಥಾನ. 1961ರಲ್ಲೂ ಮೂರನೇ ಸ್ಥಾನ. ಬಡ್ತಿ ಮೊದಲ ಇಬ್ಬರಿಗೆ ಮಾತ್ರ. ಹೊರಗಿನವರಿಗೆ ಅದು ಮತ್ತೆರಡು ವರ್ಷ ವ್ಯರ್ಥ ಎಂದು ಕಂಡಿರಬೇಕು. ಕ್ಲಬ್ ಮಾತ್ರ ಅವರನ್ನು ಕೈಬಿಡಲಿಲ್ಲ. 1961ರಲ್ಲಿ ಇಯಾನ್ ಸೇಂಟ್ ಜಾನ್ ಮತ್ತು ರಾನ್ ಯೇಟ್ಸ್ ಅವರನ್ನು ಕೊಡಿಸಿತು. ಸೇಂಟ್ ಜಾನ್‌ಗೆ ಕೊಟ್ಟ 37,500 ಪೌಂಡ್ ಅದುವರೆಗೆ ಕ್ಲಬ್ ಯಾರಿಗೂ ಕೊಟ್ಟಿರದ ಬೆಲೆ. 1962ರಲ್ಲಿ ಲಿವರ್‌ಪೂಲ್ ಎಂಟು ಅಂಕಗಳ ಅಂತರದಿಂದ ಎರಡನೇ ಡಿವಿಷನ್ ಗೆದ್ದಿತು. ರೋಜರ್ ಹಂಟ್ ಒಬ್ಬರೇ ಲೀಗ್‌ನಲ್ಲಿ 41 ಗೋಲು ಹೊಡೆದರು. ಎಂಟು ವರ್ಷಗಳ ವನವಾಸ ಮುಗಿಯಿತು.

1964ರಲ್ಲಿ ಅದೇ ತಂಡ ಇಂಗ್ಲೆಂಡಿನ ಚಾಂಪಿಯನ್. 1965ರಲ್ಲಿ ಕ್ಲಬ್ ಇತಿಹಾಸದ ಮೊದಲ ಎಫ್‌ಎ ಕಪ್. 1966ರಲ್ಲಿ ಮತ್ತೆ ಚಾಂಪಿಯನ್. ಬಳಿಕ ಏಳು ವರ್ಷ ಒಂದೂ ದೊಡ್ಡ ಕಪ್ ಇಲ್ಲ. ತಾವೇ ಕಟ್ಟಿದ ತಂಡ ಹಳೆಯದಾದಾಗ ಶಾಂಕ್ಲಿ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. 1973ರಲ್ಲಿ ಲೀಗ್ ಜೊತೆಗೆ ಯುಇಎಫ್‌ಎ ಕಪ್ ಕೂಡ ಬಂತು. 1974ರಲ್ಲಿ ಎಫ್‌ಎ ಕಪ್ ಗೆದ್ದು, ಎಲ್ಲರೂ ಬೆರಗಾಗುವಂತೆ 60ನೇ ವಯಸ್ಸಿಗೆ ರಾಜೀನಾಮೆ ಕೊಟ್ಟರು. ಅಂದು ಉಳಿಸಿಕೊಂಡಿದ್ದ ಬಾಬ್ ಪೈಸ್ಲಿಯೇ ಮುಂದಿನ ಮ್ಯಾನೇಜರ್ ಆಗಿ ಮೂರು ಯುರೋಪಿಯನ್ ಕಪ್ ಗೆದ್ದರು. ಮೂರನೆಯದು ಬಂದ ಕೆಲವೇ ತಿಂಗಳಿಗೆ, 1981ರ ಸೆಪ್ಟೆಂಬರ್ 29ರಂದು ಶಾಂಕ್ಲಿ ಹೃದಯಾಘಾತದಿಂದ ತೀರಿಕೊಂಡರು. 1962ರ ನಂತರ ಲಿವರ್‌ಪೂಲ್ ಮತ್ತೆ ಕೆಳಗಿಳಿದಿಲ್ಲ.

ಒಬ್ಬನೇ ಮನುಷ್ಯ, ಮೂರು ಬಿದ್ದ ತಂಡ. ಎದ್ದದ್ದು ಒಂದೇ. ಹಾಗಾಗಿ ಶ್ರಮಪಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಜೊತೆಗೆ ನಿಲ್ಲುವವರೂ ಬೇಕು, ಕಾಯುವ ತಾಳ್ಮೆಯೂ ಬೇಕು. ನನ್ನ ವಿಷಯದಲ್ಲಿ ಆ ಕಡೆಯವರು ಅಪ್ಪ. ಮೂರನೇ ದಿನ ಅವರೇ ಫೋನ್ ಮಾಡಿ, ಪರೀಕ್ಷೆ ಫೀಸ್ ಯಾವಾಗ ಕಟ್ಟಬೇಕು ಎಂದು ಕೇಳಿದರು.

ನಾನೂ ನೀರಿನ ಪೈಪಿನಿಂದಲೇ ಶುರು ಮಾಡಿದೆ. ಸೆಮಿಸ್ಟರ್ ಪುಸ್ತಕ ಬದಿಗಿಟ್ಟು, ಪಿಯುಸಿಯಲ್ಲಿ ಅರ್ಥವಾಗದೆ ಬಾಯಿಪಾಠ ಮಾಡಿದ್ದ ಇಂಟಿಗ್ರೇಷನ್ ಅನ್ನು ಮೊದಲಿನಿಂದ ಕಲಿತೆ. ಜೂನಿಯರ್‌ಗಳ ಪಕ್ಕದಲ್ಲಿ ಕೂತು ಡೌಟ್ ಕೇಳಲು ಮೊದಲ ವಾರ ನಾಚಿಕೆಯಾಯಿತು, ಆಮೇಲೆ ಆಗಲಿಲ್ಲ. ಈ ಸಲ ಐದರಲ್ಲಿ ಮೂರು ಪಾಸಾಗಿವೆ. ಎರಡು ಉಳಿದಿವೆ. ಅಂದು ಇಮೋಜಿ ಹಾಕಿದ ಗೆಳೆಯನೇ ಈಗ ಭಾನುವಾರ ಬಂದು ಗಣಿತ ಹೇಳಿಕೊಡುತ್ತಾನೆ. ಅವನೂ ಲಿವರ್‌ಪೂಲ್ ಅಭಿಮಾನಿಯೇ. ಅವನ ತಂಡವೂ ಒಮ್ಮೆ ಎಂಟು ವರ್ಷ ಕೆಳಗಿತ್ತು ಎಂಬುದು ನಾನು ಹೇಳುವವರೆಗೆ ಅವನಿಗೆ ಗೊತ್ತೇ ಇರಲಿಲ್ಲ.