ರಮಾತಾಯಿಯನ್ನು ನೆನೆಯುವುದೆಂದರೆ



ಮಾತೆ ರಮಾಬಾಯಿ ಹುಟ್ಟಿದ್ದು 1898ರ ಫೆಬ್ರವರಿ 7ರಂದು, ಕೊಂಕಣದ ವಣಂದ ಗ್ರಾಮದಲ್ಲಿ. ತಂದೆ ಮೀನಿನ ಬುಟ್ಟಿ ಹೊರುವ ಕೂಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. 1906ರಲ್ಲಿ ಭೀಮರಾಯರ ಜೊತೆ ಮದುವೆ. ಬಾಬಾಸಾಹೇಬರು ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದುತ್ತಿದ್ದಾಗ ಮುಂಬಯಿಯಲ್ಲಿ ಅರೆಹೊಟ್ಟೆ ಉಂಡು ಸಂಸಾರ ನಡೆಸಿದರು. ಐವರು ಮಕ್ಕಳಲ್ಲಿ ಉಳಿದದ್ದು ಯಶವಂತರೊಬ್ಬರೇ. 1935ರ ಮೇ 27ರಂದು ರಾಜಗೃಹದಲ್ಲಿ ಕಣ್ಣು ಮುಚ್ಚಿದರು. 1956ರ ಧಮ್ಮದೀಕ್ಷೆಯನ್ನು ಆ ತಾಯಿ ಕಾಣಲೇ ಇಲ್ಲ.

ಒಮ್ಮೆ ಸೊರಬದಲ್ಲಿ ಅವರ ಸಹನೆಯ ಬಗ್ಗೆ ಮಾತಾಡಿ, ಚಪ್ಪಾಳೆ ಗಿಟ್ಟಿಸಿ, ರಾತ್ರಿ ಶಿಕಾರಿಪುರದ ಮನೆಗೆ ಬಂದೆ. ನನ್ನ ಹೆಂಡತಿ ಜ್ವರದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಊಟಕ್ಕೆ ಬಡಿಸು ಎನ್ನಬೇಕೆಂದಿದ್ದ ಬಾಯಿ ಕಟ್ಟಿಹೋಯಿತು. ರಮಾತಾಯಿಯನ್ನು ಬಳಲಿಸಿದ್ದು ಬಡತನ, ಜಾತಿ. ಇವಳನ್ನು ಬಳಲಿಸುತ್ತಿರುವುದು ನಾನೇ ಅಲ್ಲವೇ? ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗಂಡನಿಗೆ ಹೇಳಿದ ಮೊದಲ ಕರ್ತವ್ಯ ಹೆಂಡತಿಯನ್ನು ಗೌರವಿಸುವುದು. ನಾನು ಅದನ್ನು ಓದಿದ್ದೆ, ಪಾಲಿಸಿರಲಿಲ್ಲ.

ಅಂದಿನಿಂದ ರಾತ್ರಿಯ ಪಾತ್ರೆ ನನ್ನ ಪಾಲಿಗೆ. ಇದೇನೂ ದೊಡ್ಡ ಸಾಧನೆಯಲ್ಲ. ಆದರೆ ಈಗ ರಮಾತಾಯಿಯ ಫೋಟೋ ಮುಂದೆ ಮೇಣದ ಬತ್ತಿ ಹಚ್ಚುವಾಗ ನಾಚಿಕೆ ಸ್ವಲ್ಪ ಕಡಿಮೆ.

ನಿಮ್ಮ ಮನೆಯಲ್ಲಿ ಯಾರ ಸಹನೆಯ ಮೇಲೆ ಸಂಸಾರ ನಡೆದಿದೆ? ಇಂದು ಯೋಚಿಸೋಣ.

ಭವತು ಸಬ್ಬ ಮಂಗಲಂ.