ಬಾರು ತುಂಬಿದ ಕೈ: ಅಮಟೂರು ಬಾಳಪ್ಪ

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಮಟೂರು ಬಾಳಪ್ಪ ಯಾರು ಅಂತ ಕೇಳಿದರೆ, ಪಾಟೀಚೀಲ ಹೊತ್ತ ಹುಡುಗನೂ ಥಟ್ಟನೆ ಉತ್ತರ ಕೊಡುತ್ತಾನೆ: ಕಲೆಕ್ಟರ್ ಥ್ಯಾಕರೆಯನ್ನು ಗುಂಡಿಕ್ಕಿ ಕೆಡವಿದವನು. ಮುಂದೆ ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. ಒಂದು ದಿನ, ಒಂದು ಗುಂಡು, ಒಬ್ಬ ಸಾಹೇಬ. ಒಬ್ಬ ಮನುಷ್ಯನ ಇಡೀ ಆಯುಷ್ಯ ಆ ಒಂದು ಸಪ್ಪಳದಲ್ಲಿ ಮುಗಿದುಹೋಗಿದೆ.

ಆದರೆ ಗುಂಡು ತಾನಾಗಿ ಹೋಗಿ ಗುರಿಗೆ ಬೀಳುವುದಿಲ್ಲ. ಅದರಲ್ಲೂ ಇನ್ನೂರು ವರ್ಷದ ಹಿಂದಿನ ಬಂದೂಕು! ಕುದುರೆ ಎಳೆದರೆ ಸಾಕು ಎನ್ನುವ ಇಂದಿನ ಬಂದೂಕಿಗೂ ಅದಕ್ಕೂ ಅಜಗಜಾಂತರ. ಬಾಳಪ್ಪನ ಒಂದು ಬಾರಿನ ಹಿಂದೆ ಎಷ್ಟು ದಿನದ ಕೈಗೆಲಸ ಇರಬೇಕು ಎಂಬುದನ್ನು ತಿಳಿದರೆ ಮಾತ್ರ ಆ ಮನುಷ್ಯನ ಬೆಲೆ ತಿಳಿದೀತು.

ಬಂದೂಕಿನ ಸೀಮೆ

ಬಾಳಪ್ಪ ಬೈಲಹೊಂಗಲ ಸೀಮೆಯ ಅಮಟೂರಿನವನು. ಕಿತ್ತೂರು ಸಂಸ್ಥಾನದ ನಂಬಿಗಸ್ತ ಬಂಟ, ಗುರಿಕಾರ. ಆಗ ಈ ಭಾಗದಲ್ಲಿ ಬಂದೂಕು ಅಪರೂಪದ ವಸ್ತುವಾಗಿರಲಿಲ್ಲ. ಸಂಸ್ಥಾನದ ಚಾಕರಿ ಮಾಡುವ ಶೆಟ್ಸನದಿಗಳು ಊರೂರಲ್ಲಿ ಇದ್ದರು. ಅವರಿಗೆ ಪಗಾರವಿಲ್ಲ, ಭೂಮಿ ಉಂಟು. ಮಳೆ ಬಂದರೆ ಬಿತ್ತುವುದು, ಕರೆ ಬಂದರೆ ಆಯುಧ ಹಿಡಿದು ಹೋಗುವುದು. ಸಂಗೊಳ್ಳಿ ರಾಯಣ್ಣ ಅಂಥ ಶೆಟ್ಸನದಿಗಳಲ್ಲಿ ಒಬ್ಬ.

ಸವದತ್ತಿ, ರಾಮದುರ್ಗದ ಎರಿ ಬಯಲಿನಲ್ಲಿ ಚಿಗರಿ ಹಿಂಡು, ಕಿತ್ತೂರಿನ ಪಡುವಣ ದಿಕ್ಕಿನ ಕಾಡಿನಲ್ಲಿ ಹಂದಿ. ಬೆಳೆ ಕಾಯುವವನಿಗೂ ಬಂದೂಕು ಬೇಕು, ಊರು ಕಾಯುವವನಿಗೂ ಬೇಕು. ಬೇಟೆಯೇ ಆಗಿನ ಜನರ ಗರಡಿಮನೆ. ಬಯಲಿನ ಚಿಗರಿ ಹತ್ತಿರ ಬಿಟ್ಟುಕೊಳ್ಳುವ ಪ್ರಾಣಿಯಲ್ಲ, ತಪ್ಪಿದರೆ ಮತ್ತೆ ಸಿಗುವುದಿಲ್ಲ. ಇಂಥ ಸೀಮೆಯ ಜನರ ನಡುವೆ ಗುರಿಕಾರ ಅಂತ ಹೆಸರು ಗಳಿಸುವುದು ಸಣ್ಣ ಮಾತೇನಲ್ಲ.

ಹೊಸ ಬಂದೂಕಿನ ಪಳಗಿಕೆ

ಹೊಸ ಎತ್ತನ್ನು ತಂದ ದಿನವೇ ಯಾರೂ ಭಾರಿ ಹೇರು ಎಳೆಸುವುದಿಲ್ಲ. ಬಂದೂಕಿಗೂ ಅದೇ ನ್ಯಾಯ. ಆಗಿನ ಬಂದೂಕುಗಳು ಬಾಯಿಯಿಂದ ಬಾರು ತುಂಬುವಂಥವು. ಮೊದಲು ಮದ್ದು, ಅದರ ಮೇಲೆ ನಾರು ಅಥವಾ ಬಟ್ಟೆಯ ಚಿಂದಿ, ಆಮೇಲೆ ಸೀಸದ ಗುಂಡು. ಎಲ್ಲವನ್ನೂ ಸಲಾಕೆಯಿಂದ ತಳಕ್ಕೆ ಗಿಡಿಯಬೇಕು. ಪಕ್ಕದ ಸಣ್ಣ ಬಟ್ಟಲಿಗೆ ರಂಜಕ, ಅಂದರೆ ಬೆಂಕಿ ಹತ್ತಿಸುವ ನಯವಾದ ಮದ್ದು, ಹಾಕಬೇಕು. ಅದಕ್ಕೆ ಉರಿಯುವ ಬತ್ತಿ ತಾಗಿಸಿದರೆ ಅಥವಾ ಚಕಮಕಿ ಕಲ್ಲಿನ ಕಿಡಿ ಬಿದ್ದರೆ ಬಾರು ಹಾರುತ್ತದೆ. ಬತ್ತಿ ಅಂದರೆ ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹತ್ತಿಯ ಹುರಿ. ಎರಿ ನೆಲದ ನಮ್ಮ ಸೀಮೆಗೆ ಹತ್ತಿಯ ಬರವಿಲ್ಲ.

ಯಾವ ಎರಡು ನಳಿಗೆಯೂ ಒಂದೇ ತೆರ ಇರುತ್ತಿರಲಿಲ್ಲ. ಕೈಯಲ್ಲಿ ಬಡಿದು ಮಾಡಿದ್ದು. ಒಂದರ ಬಾಯಿ ಒಂದು ಎಳೆ ಅಗಲ, ಇನ್ನೊಂದರದು ಬಿಗಿ. ಆದ್ದರಿಂದ ಒಬ್ಬನ ಬಂದೂಕಿನ ಗುಂಡು ಇನ್ನೊಬ್ಬನ ಬಂದೂಕಿಗೆ ಕೂಡ್ರದು. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತನ್ನ ನಳಿಗೆಗೆ ತಕ್ಕ ಗುಂಡು ಮಾಡಿಕೊಳ್ಳಬೇಕು. ಬಾಯಿಗಿಂತ ತುಸು ಸಣ್ಣದು. ತೀರ ಸಣ್ಣದಾದರೆ ಒಳಗೇ ಉರುಳಾಡಿ ಅಡ್ಡಾದಿಡ್ಡಿ ಹೋಗುತ್ತದೆ. ಬಿಗಿಯಾದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಗುಂಡು ಮದ್ದಿಗೆ ಅಂಟಿ ಕೂಡದೆ ನಡುವೆ ಜಾಗ ಉಳಿದರೆ ನಳಿಗೆಯೇ ಉಬ್ಬಿ ಒಡೆದೀತು. ಅದಕ್ಕೇ ಜಾಣರು ಸಲಾಕೆಯ ಮೇಲೆ ಒಂದು ಗೆರೆ ಕೊರೆದಿಟ್ಟುಕೊಳ್ಳುತ್ತಿದ್ದರು. ಗೆರೆ ಬಾಯಿಗೆ ಸರಿ ಬಂತೋ, ಬಾರು ಸರಿಯಾಗಿ ಕೂತಿದೆ ಅಂತ ಲೆಕ್ಕ.

ಎಷ್ಟು ಮದ್ದು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಅದನ್ನು ಕಮ್ಮಾರ ಹೇಳಲಾರ, ಬಂದೂಕೇ ಹೇಳಬೇಕು. ಕಡಿಮೆ ಅಳತೆಯಿಂದ ಸುರು ಮಾಡಿ, ಒಂದೇ ಗುರಿಗೆ, ಒಂದೇ ಅಂತರದಿಂದ ಹೊಡೆದು, ಒಂದೊಂದು ಚಿಟಿಕೆ ಏರಿಸುತ್ತ ಹೋಗಬೇಕು. ಕಡಿಮೆಯಾದರೆ ಗುಂಡು ಕೆಳಗೆ ಬೀಳುತ್ತದೆ. ಹೆಚ್ಚಾದರೆ ಭುಜಕ್ಕೆ ಗುದ್ದು, ಗುರಿಯೂ ಚದುರುತ್ತದೆ. ನಡುವೆ ಎಲ್ಲೋ ಒಂದು ಕಡೆ ಗುಂಡುಗಳು ಒಂದರ ಪಕ್ಕ ಒಂದು ಬೀಳತೊಡಗುತ್ತವೆ. ಅದೇ ಆ ಬಂದೂಕಿನ ಬಾರು. ಆ ಅಳತೆಯನ್ನು ಒಂದು ಬಿದಿರಿನ ಅಂಡೆಗೋ ಕೊಂಬಿನ ತುಂಡಿಗೋ ಕೂಡಿಸಿಟ್ಟರೆ ಮುಗಿಯಿತು. ಕಿರಾಣಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಪು ತಪ್ಪಿದರೆ ಧಂದೆಯೇ ತಪ್ಪುತ್ತದೆ.

ಇಷ್ಟು ಮಾಡಿದರೂ ಐವತ್ತು ಮಾರಿನಾಚೆ ಆ ನಯ ನಳಿಗೆಯ ಬಂದೂಕನ್ನು ನಂಬುವಂತಿರಲಿಲ್ಲ. ನಾಲ್ಕಾರು ಬಾರು ಹಾರಿದ ಮೇಲೆ ಒಳಗೆ ಮಸಿ ಕಟ್ಟಿ ಗುಂಡು ಇಳಿಯುವುದಿಲ್ಲ. ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ತುಕ್ಕು.

ಮದ್ದಿನ ಮರ್ಮ

ಮದ್ದು ಅಂದರೆ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದ ಕಾಲಿನಲ್ಲಿ ಇದ್ದಿಲು ಮತ್ತು ಗಂಧಕ. ಇದ್ದಿಲಿಗೆ ತೊಗರಿ ಕಟ್ಟಿಗೆಯಂಥ ಹಗುರ ಕಟ್ಟಿಗೆ ಮೇಲು. ಪೆಟ್ಲುಪ್ಪಿಗೆ ಥಂಡಿ ಆಗದು. ಗಾಳಿಯ ಪಸೆಯನ್ನೇ ಹೀರಿಕೊಂಡು ಮದ್ದು ಮೆತ್ತಗಾಗುತ್ತದೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿರುವ ಊರು. ಮಳೆಗಾಲ ಕಳೆದ ಮೇಲೆ ಮದ್ದನ್ನು ಬಿಸಿಲಿಗೆ ಹರವಿ ನೋಡದವನು ಗುರಿಕಾರನಾಗಲಾರ. ನೋಡಲು ಕರಿ ಹಿಟ್ಟು, ಅಷ್ಟೇ. ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೆಂಕಿ ತಾಗಿದಾಗಲೇ ಗೊತ್ತು. ಈ ಮಾತನ್ನು ನೆನಪಿನಲ್ಲಿಡಬೇಕು, ಕಿತ್ತೂರಿನ ಕತೆಯಲ್ಲಿ ಮುಂದೆ ಇದೇ ಮದ್ದಿನ ಮಾತು ಬರುತ್ತದೆ.

23 ಅಕ್ಟೋಬರ್ 1824

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ತೀರುವ ಮುನ್ನ ದತ್ತಕ ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿತ್ತು, ಕಂಪನಿಯ ಕಾವಲು ಬಂತು. ರಾಣಿ ಚೆನ್ನಮ್ಮಾಜಿ ಮನವಿ ಕಳಿಸಿದರು. ಅದು ನಡೆಯಲಿಲ್ಲ. ಸಂಸ್ಥಾನ ಹೋದರೆ ಹೋಗುವುದು ಬರೀ ಗಾದಿಯಲ್ಲ. ಅದನ್ನು ನಂಬಿ ಭೂಮಿ ಉಂಡವರ ಒಲೆಯೂ ಆರುತ್ತದೆ. ಅಮಟೂರು, ಸಂಗೊಳ್ಳಿಯಂಥ ಹಳ್ಳಿಗಳ ಜನ ಕೋಟೆಗೆ ಬಂದು ನಿಂತದ್ದಕ್ಕೆ ಇದೂ ಒಂದು ಕಾರಣ.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಹಾಕಿಕೊಂಡಿತು. ಥ್ಯಾಕರೆ ಬಾಗಿಲು ತೆರೆಯಲು ಗಡುವು ಕೊಟ್ಟ, ಇಲ್ಲದಿದ್ದರೆ ತೋಪಿನಿಂದ ಒಡೆಯುವುದಾಗಿ ತಿಳಿಸಿದ. ಬಾಗಿಲು ತೆರೆಯಿತು, ಆದರೆ ಒಳಗಿನವರಿಗೆ ಬೇಕಾದ ಹೊತ್ತಿಗೆ ತೆರೆಯಿತು. ಜನ ನೀರು ನುಗ್ಗಿದಂತೆ ಹೊರಗೆ ನುಗ್ಗಿದರು. ಆ ಗದ್ದಲದಲ್ಲಿ ಥ್ಯಾಕರೆ ನೆಲಕ್ಕೆ ಬಿದ್ದ. ಹೊಡೆದ ಕೈ ಬಾಳಪ್ಪನದು ಎಂದು ನಾಡು ಇಂದಿಗೂ ನೆನೆಯುತ್ತದೆ.

ಇಲ್ಲೇ ಗುರಿಕಾರನ ಪರೀಕ್ಷೆ. ಬಾಯಿಯಿಂದ ತುಂಬುವ ಬಂದೂಕಿಗೆ ಮತ್ತೆ ಬಾರು ಹಾಕಬೇಕಾದರೆ ಪಳಗಿದ ಕೈಗೂ ಅರ್ಧ ನಿಮಿಷ ಬೇಕು, ಬತ್ತಿಯ ಬಂದೂಕಿಗೆ ಅದಕ್ಕೂ ಹೆಚ್ಚು. ಕುದುರೆ, ಕತ್ತಿ, ಹೊಗೆಯ ನಡುವೆ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಇದ್ದದ್ದು ಒಂದೇ ಬಾರು. ರಂಜಕ ಹತ್ತಿ ಒಳಗಿನ ಮದ್ದು ಹತ್ತದಿದ್ದರೆ ಅಲ್ಲಿಗೆ ಮುಗಿಯಿತು. ಗುಂಡು ಒಂದು ಗೇಣು ಸರಿದರೂ ಮುಗಿಯಿತು. ಹಾಗಾಗಲಿಲ್ಲ. ಜನ ಅದನ್ನು ದೈವ ಅಂತಾರೆ. ದೈವ ಇದ್ದರೂ ಇರಬಹುದು, ಆದರೆ ಮದ್ದು ಒಣಗಿತ್ತು, ಗುಂಡು ನಳಿಗೆಗೆ ಹೊಂದಿತ್ತು, ಕೈ ಅಳತೆ ಮರೆತಿರಲಿಲ್ಲ ಎಂಬುದೂ ಅಷ್ಟೇ ಖರೆ.

ಅಂದು ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ತೋಪಿನ ದಳದ ಅಧಿಕಾರಿಗಳೂ ಜೀವ ತೆತ್ತರು. ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆ ಸಿಕ್ಕರು. ಸೆರೆಯಾಳುಗಳಿಗೆ ರಾಣಿಯವರು ಅಪಾಯ ಮಾಡಲಿಲ್ಲ. ಅದೇ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ವಿದ್ವಾಂಸನೆಂದು ಹೆಸರಾದ.

ಕೆಟ್ಟ ಮದ್ದು, ಕೊನೆಯ ಕಾಳಗ

ಕಂಪನಿ ಸುಮ್ಮನೆ ಕೂಡಲಿಲ್ಲ. ಕಮಿಷನರ್ ಚಾಪ್ಲಿನ್ ಬಂದ, ಹಲವು ಕಡೆಯಿಂದ ದಂಡು ಬಂತು, ಗೋಡೆ ಒಡೆಯುವ ಭಾರಿ ತೋಪುಗಳು ಬಂದವು. ಕೂಡಿ ನಡೆಯುವ ಭರವಸೆಯ ಮೇಲೆ ಸೆರೆಯಾಳುಗಳನ್ನು ಬಿಟ್ಟದ್ದಾಯಿತು. ಆದರೂ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯ ಮೇಲೆ ತೋಪು ಹಾರಿದವು. ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಕಾಳಗದಲ್ಲಿ ಸತ್ತ. ಆದರೆ ಕೋಟೆ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಊರ ಹಿರಿಯರು ಹೇಳುವ ಮಾತು ಒಂದೇ. ಉಂಡ ಮನೆಯ ಜಂತಿ ಎಣಿಸಿದವರು ಮದ್ದಿನಲ್ಲಿ ಸಗಣಿ ಕಲಸಿದ್ದರಂತೆ. ಬತ್ತಿ ತಾಗಿಸಿದರೆ ಹೊಗೆ ಬಂತೇ ಹೊರತು ಸಪ್ಪಳ ಬರಲಿಲ್ಲವಂತೆ. ಲಾವಣಿ ಹಾಡುವವರು ಇದನ್ನು ಹೇಳುವಾಗ ಇಂದಿಗೂ ಕೇಳುವವರ ಮುಖ ಕೆಂಪಾಗುತ್ತದೆ. ದಂಡು ದೊಡ್ಡದಿತ್ತು, ತೋಪು ಭಾರಿ ಇದ್ದವು, ಅದೂ ಸೋಲಿನ ಕಾರಣವೇ. ಆದರೆ ಬಂದೂಕು ಹಿಡಿದು ಬಾಳಿದ ಜನ ಸೋಲನ್ನು ಮದ್ದಿನ ಭಾಷೆಯಲ್ಲೇ ನೆನಪಿಟ್ಟರು. ಅಕ್ಟೋಬರಿನಲ್ಲಿ ಗೆದ್ದದ್ದು ತಾವೇ ನೋಡಿ ಪರೀಕ್ಷಿಸಿದ ಬಾರು, ಡಿಸೆಂಬರಿನಲ್ಲಿ ಸೋತದ್ದು ಇನ್ನೊಬ್ಬರನ್ನು ನಂಬಿ ಬಿಟ್ಟ ಮದ್ದು. ಕತೆಯ ತಿರುಳು ಇದು.

ಆ ಕಾಳಗದಲ್ಲೇ ರಾಣಿಯವರನ್ನು ಕಾಯುತ್ತ ಬಾಳಪ್ಪ ಗುಂಡಿಗೆ ಎದೆಯೊಡ್ಡಿದನೆಂದು ಜನ ಹೇಳುತ್ತ ಬಂದಿದ್ದಾರೆ. ಚೆನ್ನಮ್ಮಾಜಿ ಸೆರೆಯಾಗಿ ಬೈಲಹೊಂಗಲಕ್ಕೆ ಬಂದರು. 1829ರ ಫೆಬ್ರುವರಿಯಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಸಮಾಧಿ ಪೇಟೆಯ ನಡುವೆಯೇ ಉಂಟು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೆ ಹಾಕಿದರು.

ಬಂದೂಕು ಹೋದ ಮೇಲೆ

ಬಂದೂಕು ಹಿಡಿದ ರೈತನ ಹೆದರಿಕೆ ಕಂಪನಿಗೆ ಹೋಗಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ, ಹೋರಾಡಿ ಗಲ್ಲಿಗೇರಿದರು. ಮರುವರ್ಷ ನರಗುಂದದ ಬಾಬಾಸಾಹೇಬ ಎದ್ದ. 1858ರ ಮೇ ತಿಂಗಳ ಕೊನೆಗೆ ರಾಮದುರ್ಗದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನಿನಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಅಲ್ಲಿಂದ ಹಳ್ಳಿಯ ಬಂದೂಕು ಒಂದೊಂದೇ ಕಚೇರಿಯ ಲೈಸೆನ್ಸಿಗೆ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ 1972ರ ವನ್ಯಜೀವಿ ಕಾಯ್ದೆಯಿಂದ ಚಿಗರಿ ಬೇಟೆಯೂ ನಿಂತಿತು. ಅದು ಆಗಬೇಕಾದದ್ದೇ. ಎರಿ ಬಯಲಿನಲ್ಲಿ ಆಗಿನ ಹಿಂಡುಗಳು ಈಗೆಲ್ಲಿ?

ಬಂದೂಕಿನ ಜೊತೆ ಆ ಕೈಗೆಲಸದ ನೆನಪೂ ಹೋಯಿತು. ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಸುರುವಾಗುತ್ತದೆ. ಬಸ್ಸು ತುಂಬಿ ಜನ ಬರುತ್ತಾರೆ. ನಾಟಕದಲ್ಲಿ ಬಾಳಪ್ಪನ ವೇಷದವನು ಬಂದೂಕು ಎತ್ತುತ್ತಾನೆ, ಒಂದು ಪಟಾಕಿ ಹಾರುತ್ತದೆ, ಥ್ಯಾಕರೆ ಬೀಳುತ್ತಾನೆ, ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಪ್ಪಲ್ಲ, ಆ ಗುಂಡಿಗೆ ಅದು ಸಲ್ಲಬೇಕಾದದ್ದು. ಆದರೆ ಸೀಸ ಕರಗಿಸಿದ, ಮದ್ದು ಒಣಗಿಸಿದ, ಸಲಾಕೆಗೆ ಗೆರೆ ಕೊರೆದ, ತಪ್ಪಿದ ಗುಂಡುಗಳನ್ನು ಎಣಿಸಿ ಮತ್ತೆ ಚಿಟಿಕೆ ಅಳೆದ ಆ ಹೆಸರಿಲ್ಲದ ದಿನಗಳಿಗೆ ಚಪ್ಪಾಳೆ ಹೊಡೆಯುವವರು ಯಾರೂ ಇರಲಿಲ್ಲ. ಅಮಟೂರಿನ ದಾರಿಯಲ್ಲಿ ಬಸ್ಸು ಹೋಗುವಾಗ ಆ ದಿನಗಳನ್ನೂ ಒಂದಿಷ್ಟು ನೆನೆದರೆ ಬಾಳಪ್ಪನಿಗೆ ಸಲ್ಲಬೇಕಾದ ಋಣ ಸ್ವಲ್ಪವಾದರೂ ಸಂದಂತಾಗುತ್ತದೆ.